ಆಪ್ ಪರೀಕ್ಷೆಗೆ ಕಡಿಮೆ ಬೆಲೆಯ ಫೋನು: ಹೊಲದಾಗ ನೋಡಿ ಆರಿಸಿದ್ವಿ

ನಮ್ಮದು ಹುನಗುಂದ ತಾಲೂಕಿನ ಎರೆ ಸೀಮೆ. ಪೂರಾ ಮಳೆ ನಂಬಿದ ಒಕ್ಕಲುತನ. ಮುಂಗಾರಿಗೆ ಹೆಸರು, ಸಜ್ಜೆ, ತೊಗರಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಇಂಥ ಊರಿನ ಹದಿನಾಲ್ಕು ಮನೆಯವರು ಕೂಡಿ 2024ರ ಹಿಂಗಾರಿಗೆ ಮುಂಚೆ ಒಂದು ಸ್ಮಾರ್ಟ್‌ಫೋನ್ ಕೊಂಡೆವು. ಮಾತಾಡಲು ಅಲ್ಲ, ಹಾಡು ನೋಡಲೂ ಅಲ್ಲ. ರೈತರಿಗೆಂದು ಬರುವ ಆಪ್‌ಗಳನ್ನು ಮೊದಲು ಇದರಲ್ಲಿ ಹಾಕಿ, ಹೊಲಕ್ಕೆ ಒಯ್ದು, ನಡೆಯುತ್ತದೋ ಇಲ್ಲವೋ ನೋಡುವುದು. ನಡೆದರೆ ಉಳಿದವರು ಹಾಕಿಕೊಳ್ಳುವುದು. ಹೊಸ ಬೀಜ ಬಂದರೆ ಮೊದಲು ನಾಲ್ಕು ಸಾಲು ಬಿತ್ತಿ ನೋಡುತ್ತೇವಲ್ಲ, ಹಾಗೆ.

ಫೋನು ಆರಿಸುವುದರಲ್ಲೇ ಒಂದೂವರೆ ತಿಂಗಳು ಹೋಯಿತು. ಇಳಕಲ್, ಹುನಗುಂದ, ಬಾಗಲಕೋಟೆ ನವನಗರ ಎಂದು ಅಂಗಡಿ ತಿರುಗಿದೆವು. ನಾನು ಓದಿದ್ದು ಏಳನೆಯ ಇಯತ್ತೆ. ಆದರೂ ಈ ವಿಷಯ ತಿಳಿಯಲಾರದಂಥ ಕಠಿಣದ್ದೇನಲ್ಲ. ಎತ್ತು ಕೊಳ್ಳುವಾಗ ಹಲ್ಲು, ಗೊರಸು, ನಡಿಗೆ ನೋಡುವಂತೆ ಇದಕ್ಕೂ ನೋಡುವ ಜಾಗ ಅದಾವು. ಆ ಜಾಗಗಳನ್ನು ಇಲ್ಲಿ ಬರೆಯುತ್ತೇನೆ. ಕಂಪನಿ, ಮಾಡೆಲ್ ಹೆಸರು ಬರೆಯುವುದಿಲ್ಲ. ಆರು ತಿಂಗಳಿಗೆ ಒಂದು ಮಾಡೆಲ್ ಹೋಗಿ ಇನ್ನೊಂದು ಬರುತ್ತದೆ. ನೀವು ಓದುವ ಹೊತ್ತಿಗೆ ಅದು ಅಂಗಡಿಯಲ್ಲಿ ಇರಲಿಕ್ಕಿಲ್ಲ.

ಇದೆಲ್ಲ ಯಾಕ ಬೇಕಾತು?

2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಬೆಳೆ ಸಮೀಕ್ಷೆ ಮಾಡಿ ಆಪ್ ಮೂಲಕ ಕಳಿಸುವ ವ್ಯವಸ್ಥೆ ಬಂದದ್ದು ಎಲ್ಲರಿಗೂ ಗೊತ್ತು. ಹೊಲದಲ್ಲಿ ನಿಂತು, ಸರ್ವೆ ನಂಬರು, ಹಿಸ್ಸಾ ಆರಿಸಿ, ಯಾವ ಬೆಳೆ, ಎಷ್ಟು ಎಕರೆ-ಗುಂಟೆ ಎಂದು ಬರೆದು, ಬೆಳೆಯ ಫೋಟೊ ತೆಗೆದು ಕಳಿಸಬೇಕು. ನಾವು ಮಾಡದೆ ಬಿಟ್ಟರೆ ಸಮೀಕ್ಷೆಗೆ ನೇಮಿಸಿದ ಹುಡುಗರು ಬಂದು ಮಾಡುತ್ತಾರೆ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬರ-ನೆರೆ ಪರಿಹಾರ, ಎಲ್ಲಕ್ಕೂ ಆ ದಾಖಲೆಯನ್ನೇ ನೋಡುತ್ತಾರೆ. ವಿಮೆಗೆ ಬರೆಸಿದ ಬೆಳೆ ತೊಗರಿ, ಸಮೀಕ್ಷೆಯಲ್ಲಿ ಕೂತ ಬೆಳೆ ಸಜ್ಜೆ ಆದರೆ ಮುಂದೆ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಬೇಕು. ನಮ್ಮಂಥ ಅಕ್ಕಡಿ ಹಾಕುವವರಿಗೆ ಇದು ಇನ್ನೂ ತೊಡಕು. ಹೆಸರಿನಲ್ಲಿ ತೊಗರಿ ಅಕ್ಕಡಿ ಇದ್ದರೆ ಎರಡನ್ನೂ ಬರೆಯಬೇಕು. ದಾರಿ ಮೇಲೆ ನಿಂತು ನೋಡಿದವನಿಗೆ ಎತ್ತರದ ಬೆಳೆ ಒಂದೇ ಕಾಣುತ್ತದೆ. ಹೊಲದವರೇ ಮಾಡಿದರೆ ಮಾತ್ರ ಇದು ಸರಿಯಾಗಿ ದಾಖಲಾದೀತು.

ಇನ್ನೊಂದು, ಫಸಲ್ ಬಿಮಾದಲ್ಲಿ ಆಲಿಕಲ್ಲು ಬಿದ್ದರೆ, ಹೊಲ ನೀರಲ್ಲಿ ನಿಂತರೆ, ಕೊಯ್ದು ಒಣ ಹಾಕಿದ ಬೆಳೆ ಅಕಾಲಿಕ ಮಳೆಗೆ ತೊಯ್ದರೆ 72 ಗಂಟೆಯೊಳಗೆ ತಿಳಿಸಬೇಕು. ಆಪ್‌ನಲ್ಲಿ ತಿಳಿಸಬಹುದು, ಇಲ್ಲವೆ 14447ಕ್ಕೆ ಫೋನ್ ಮಾಡಬಹುದು. ಪಿಎಂ ಕಿಸಾನ್ ಹಣಕ್ಕೆ ಇ-ಕೆವೈಸಿ ಬೇಕು. ಕುರುಪಿ, ಕುಡಗೋಲು ಹಿಡಿದು ಬೆರಳಿನ ಗೆರೆ ಸವೆದವರಿಗೆ ಬೆರಳಚ್ಚು ಹತ್ತುವುದಿಲ್ಲ. ಅಂಥವರಿಗಾಗಿ 2023ರ ಜೂನ್‌ನಿಂದ ಮುಖ ತೋರಿಸಿ ಮಾಡುವ ಸೌಲಭ್ಯ ಆ ಆಪ್‌ನಲ್ಲೇ ಬಂತು. ನಿಂತ ಜಾಗದ ಸರ್ವೆ ನಂಬರು ತೋರಿಸುವ ದಿಶಾಂಕ್ ಇದೆ. ಹವಾಮಾನಕ್ಕೆ 2019ರಲ್ಲಿ ಬಂದ ಮೇಘದೂತ್ ಇದೆ. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿಯನ್ನು ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯವರು ಮಾಡಿದ್ದಾರೆ. ಬಯಲಲ್ಲಿ ಕುರಿ ಕಾಯುವವರಿಗೆ, ಅಡ್ಡ ಮಳೆಯಲ್ಲಿ ಹೊಲದಲ್ಲಿ ಸಿಕ್ಕುವವರಿಗೆ ಅದು ಜೀವದ ಮಾತು.

ಹಿಂಗ ಎಲ್ಲ ಫೋನಿಗೆ ಬಂದು ನಿಂತ ಮೇಲೆ, ಎಂಥ ಫೋನಿನಲ್ಲಿ ಇವು ನಡೆಯುತ್ತವೆ ಎಂಬುದು ಬೀಜ-ಗೊಬ್ಬರದಷ್ಟೇ ದೊಡ್ಡ ಪ್ರಶ್ನೆ ಆಯಿತು.

ಮಳೆ ಲೆಕ್ಕದ ಆಪ್ ಎಡವಿದ್ದು

ಪರೀಕ್ಷೆಗೆ ಬೇರೆಯೇ ಫೋನು ಬೇಕೆಂದು ನಮಗೆ ಹೊಳೆದದ್ದು ನನ್ನ ತಮ್ಮನ ಮಗನಿಂದ. ಅವನು ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾನೆ. ನಾವು ಕೆಲವರು ಹೊಲದಲ್ಲಿ ಮಳೆ ಅಳೆಯುವ ಪಾತ್ರೆ ಇಟ್ಟಿದ್ದೇವೆ. ವರ್ಷಕ್ಕೆ 600 ಮಿ.ಮೀ. ಮುಟ್ಟದ ನಮ್ಮ ಸೀಮೆಯಲ್ಲಿ ಹಳ್ಳದ ಈ ದಂಡೆಗೆ ಹದ ಮಳೆ ಆದರೆ ಆ ದಂಡೆಗೆ ಬರೀ ಹನಿ. ಯಾವ ಹೊಲಕ್ಕೆ ಎಷ್ಟು ಬಿತ್ತು ಅಂತ ಬರೆದಿಟ್ಟರೆ ಕೂರಿಗೆ ಹೂಡುವ ದಿನ ಗೊತ್ತುಮಾಡಲು ಬಲ ಸಿಗುತ್ತದೆ. ವಹಿಯಲ್ಲಿ ಬರೆಯುತ್ತಿದ್ದೆವು. ಹುಡುಗ ಅದಕ್ಕೊಂದು ಸಣ್ಣ ಆಪ್ ಮಾಡಿಕೊಟ್ಟ: ಮಿ.ಮೀ. ಬರೆಯುವುದು, ಪಾತ್ರೆಯ ಫೋಟೊ ತೆಗೆಯುವುದು, ಕಳಿಸುವುದು. ಇಷ್ಟೇ.

ಅವನ ಲ್ಯಾಪ್‌ಟಾಪಿನಲ್ಲಿ ಫೋನಿನ ಬೊಂಬೆ ಇದೆ, ಅದಕ್ಕೆ ಎಮ್ಯುಲೇಟರ್ ಅಂತಾರೆ. ಅದರಲ್ಲಿ ಚೆನ್ನಾಗಿಯೇ ನಡೆಯಿತು. ಅವನ ಸ್ವಂತ ಫೋನಿನಲ್ಲೂ ನಡೆಯಿತು. ಅದರ ಬೆಲೆ ನಮ್ಮ ಒಂದು ಎಮ್ಮಿ ಬೆಲೆ. ಊರಿಗೆ ಬಂದ ಮೇಲೆ ನೋಡ್ರಿ ಆಟ. ನಮ್ಮ ಓಣಿಯ ಒಬ್ಬ ಹಿರಿಯ ಹೆಣ್ಣುಮಗಳು, ಒಬ್ಬಾಕೆಯೇ ನಾಲ್ಕು ಎಕರೆ ಮಾಡುತ್ತಾಳೆ, ಆಕೆಯ ಫೋನಿನಲ್ಲಿ ಮಿ.ಮೀ. ಬರೆದು ಫೋಟೊ ಒತ್ತಿದರೆ ಫೋಟೊ ಬರುತ್ತಿತ್ತು, ಬರೆದದ್ದು ಪೂರಾ ಅಳಿಸಿ ಮೊದಲಿನ ಪುಟಕ್ಕೆ ಹೋಗುತ್ತಿತ್ತು. ಮೂರು ಸಲ ಮಾಡಿ, "ತಮ್ಮಾ, ಇದು ನನ್ನ ಮಳಿ ನುಂಗಾಕತ್ತೈತಿ ನೋಡೋ" ಎಂದು ಫೋನ್ ಕೈಗೆ ಕೊಟ್ಟಳು.

ಕಾರಣ ಹುಡುಗ ಎರಡು ದಿನ ಕೂತು ಹುಡುಕಿದ. ಆಕೆಯ ಫೋನಿನ ರ‍್ಯಾಮ್ 2 ಜಿಬಿ. ರ‍್ಯಾಮ್ ಅಂದರೆ ಕಣ ಇದ್ದಂತೆ, ಕೆಲಸ ನಡೆಯುವ ಜಾಗ. ಕಣ ಸಣ್ಣದಿದ್ದರೆ ಕಡಲೆ ರಾಶಿ ಮಾಡಬೇಕಾದಾಗ ಜೋಳದ ಗೂಡು ಹೊರಗೆ ಹಾಕಬೇಕು. ಕ್ಯಾಮರಾ ತೆರೆದ ಕೂಡಲೆ ಫೋನು ಜಾಗ ಸಾಲದೆ ಹಿಂದಿನ ಆಪ್‌ನ್ನು ಮುಚ್ಚಿಬಿಡುತ್ತಿತ್ತು. ಕ್ಯಾಮರಾದಿಂದ ವಾಪಸು ಬಂದರೆ ಆಪ್ ಹೊಸದಾಗಿ ಶುರು. ದೊಡ್ಡ ರ‍್ಯಾಮಿನ ಫೋನಿನಲ್ಲಿ ಇದು ಕಾಣುವುದೇ ಇಲ್ಲ. ಕಂಡಿದ್ದರೆ ತಾನೆ ಸರಿ ಮಾಡುವುದು?

"ದೊಡ್ಡಪ್ಪ, ನನಗ ಒಂದು ಹಗುರ ಫೋನ್ ಬೇಕ್ರಿ, ನಿಮ್ಮೆಲ್ಲಾರ ಕಡೆ ಇರುವಂಥಾದ್ದ" ಎಂದ. ನಮಗೂ ಸರ್ಕಾರದ ಆಪ್‌ಗಳಿಗೆ ಅಂಥದ್ದೊಂದು ಬೇಕಿತ್ತು. ಎರಡೂ ಕೂಡಿ ಬಂತು.

ಮೊದಲು ಊರಿನ ಲೆಕ್ಕ

ಅಂಗಡಿಗೆ ಹೋಗುವ ಮುಂಚೆ ನಮ್ಮ ಹದಿನಾಲ್ಕು ಮನೆಯ ಫೋನುಗಳನ್ನು ಒಂದು ಸಂಜೆ ಕಟ್ಟೆಯ ಮೇಲೆ ಇಡಿಸಿದೆವು. ಮೂರು ಮನೆಯಲ್ಲಿ ಬರೀ ಗುಂಡಿ ಫೋನು. ಐದು ಮನೆಯಲ್ಲಿ 2 ಜಿಬಿ. ನಾಲ್ಕು ಮನೆಯಲ್ಲಿ 3 ಅಥವಾ 4 ಜಿಬಿ. ಎರಡು ಮನೆಯಲ್ಲಿ 6 ಜಿಬಿಯವು, ಅವೂ ಕಾಲೇಜು ಹುಡುಗರ ಕೈಯಲ್ಲಿ, ಹೊಲಕ್ಕೆ ಬರುವವಲ್ಲ.

ಇದರಿಂದ ಒಂದು ಮಾತು ಸ್ಪಷ್ಟ ಆಯಿತು. ಪರೀಕ್ಷೆ ಫೋನು ಎಲ್ಲಕ್ಕಿಂತ ಒಳ್ಳೆಯದು ಇರಬಾರದು. ಬಳಸುವ ಜನರ ಕೈಯಲ್ಲಿ ಇರುವಂಥದ್ದೇ ಇರಬೇಕು. ಒಳ್ಳೆಯ ಫೋನಿನಲ್ಲಿ ನಡೆದದ್ದು ಬಡವನ ಫೋನಿನಲ್ಲಿ ನಡೆಯುತ್ತದೆ ಎನ್ನಲಾಗದು. ಬಡವನ ಫೋನಿನಲ್ಲಿ ನಡೆದದ್ದು ಬಹಳ ಮಟ್ಟಿಗೆ ಎಲ್ಲ ಕಡೆ ನಡೆಯುತ್ತದೆ. ಅದಕ್ಕಾಗಿ ಎರಡು ಫೋನಿನ ಯೋಜನೆ ಮಾಡಿದೆವು. ಒಂದು, ಕಪಾಟಿನಲ್ಲಿ ಬಿದ್ದ ಹಳೆಯ 2 ಜಿಬಿಯದು, ಪುಕ್ಕಟೆ. ಇನ್ನೊಂದು, ಈಗ ಒಬ್ಬ ರೈತ ಹೊಸದಾಗಿ ಕೊಂಡರೆ ಕೊಳ್ಳಬಹುದಾದ ಬೆಲೆಯದು. ಮನೆಗೆ 600ರಂತೆ ಹದಿನಾಲ್ಕು ಮನೆಗೆ 8,400 ರೂಪಾಯಿ. ಅದರೊಳಗೆ ಬರಬೇಕು ಎಂದು ಗೆರೆ ಹಾಕಿದೆವು.

ಬೇರೆ ಊರಿನ ಫೋನುಗಳನ್ನು ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಹಿಡಿದು ಆಪ್ ಪರೀಕ್ಷೆ ಮಾಡುವ ವ್ಯವಸ್ಥೆಯೂ ಇದೆಯಂತೆ. ಹುಡುಗ ತೋರಿಸಿದ. ನೂರಾರು ಮಾಡೆಲ್ ಸಿಗುತ್ತವೆ. ಆದರೆ ಆ ಫೋನುಗಳೆಲ್ಲ ತಂಪು ಕೋಣೆಯಲ್ಲಿ ಕೂತಿರುತ್ತವೆ. ನಮ್ಮ ಬಿಸಿಲು, ಧೂಳಿ, ಸಿಗ್ನಲ್ ಇಲ್ಲದ ಹಳ್ಳದ ತಗ್ಗು ಅವಕ್ಕೆ ಎಲ್ಲಿಂದ ಸಿಗಬೇಕು?

ಅಂಗಡಿಯ ಮಾತು, ಡಬ್ಬಿಯ ಮೇಲಿನ ಅಕ್ಷರ

ಒಂದು ಅಂಗಡಿಯಲ್ಲಿ ಹುಡುಗ, "ಕಾಕಾರ, 8 ಜಿಬಿ ರ‍್ಯಾಮ್ ಐತ್ರಿ, ಏಳು ಸಾವಿರಕ್ಕ" ಅಂದ. ನನಗೆ ಖುಷಿ. ತಮ್ಮನ ಮಗ ಡಬ್ಬಿ ತಿರುವಿ ಸಣ್ಣ ಅಕ್ಷರ ಓದಿಸಿದ: 4+4. ನಿಜವಾದ ರ‍್ಯಾಮ್ 4. ಉಳಿದ 4 ಸ್ಟೋರೇಜಿನಿಂದ ಎರವು ತೆಗೆದುಕೊಂಡದ್ದು. ಕಣ ಸಾಲದೆ ಹಗೇವಿನ ಮೂಲೆಯಲ್ಲಿ ರಾಶಿ ಮಾಡಿದ ಹಾಗೆ, ಕೆಲಸ ನಿಧಾನ. ಆದ್ದರಿಂದ ಕೂಡಿಸಿದ ಅಂಕಿ ನೋಡಬೇಡಿ, ಕೂಡಿಸುವ ಚಿಹ್ನೆಯ ಮುಂಚಿನ ಅಂಕಿ ನೋಡಿ. ಈಗ ಕೊಳ್ಳುವುದಿದ್ದರೆ ನಿಜವಾದ 4 ಜಿಬಿಗೆ ಕಡಿಮೆ ಬೇಡ. 2017ರಲ್ಲಿ ಗೂಗಲ್‌ನವರು 1 ಜಿಬಿಯ ಬಡ ಫೋನಿಗೆಂದೇ ಆಂಡ್ರಾಯ್ಡ್ ಗೋ ಎಂಬ ಹಗುರ ಬಗೆ ತಂದಿದ್ದರು. ಮುಂದೆ ಆಂಡ್ರಾಯ್ಡ್ 13ರ ಗೋಗೆ ಕನಿಷ್ಠ 2 ಜಿಬಿ ಬೇಕಾಯಿತು. ವರ್ಷ ಹೋದಂತೆ ಹಗುರದ್ದೂ ಭಾರವಾಗುತ್ತದೆ ಎಂದಾಯಿತು.

ಸ್ಟೋರೇಜು 64 ಜಿಬಿ ಇರಲಿ. 32ರಲ್ಲಿ ಫೋನಿನ ಸ್ವಂತ ಸಾಮಾನೇ ಬಹಳ ಜಾಗ ತಿನ್ನುತ್ತದೆ. ಉಳಿದದ್ದನ್ನು ವಾಟ್ಸಾಪಿನ ಶುಭೋದಯದ ಹೂವುಗಳು ತಿನ್ನುತ್ತವೆ. ಜಾಗ ತುಂಬಿದ ಫೋನಿನಲ್ಲಿ ಸಮೀಕ್ಷೆಯ ಫೋಟೊ ಉಳಿಯದೆ ಹೋಗುತ್ತದೆ, ರೈತ ಆಪ್‌ಗೆ ಬೈಯುತ್ತಾನೆ.

ಕ್ಯಾಮರಾ 50 ಮೆಗಾಪಿಕ್ಸೆಲ್ ಎಂದು ಡಬ್ಬಿಯ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಅದಕ್ಕೆ ಹೆಚ್ಚು ರೊಕ್ಕ ಕೊಡುವುದು ದಂಡ. ಆಪ್‌ಗಳು ಕಳಿಸುವಾಗ ಫೋಟೊ ಕುಗ್ಗಿಸಿ ಕಳಿಸುವುದೇ ಹೆಚ್ಚು. ಕಡಲೆ ಗಿಡ, ಅದರ ಎಲೆ, ಕಾಯಿ ಗುರುತು ಸಿಕ್ಕರೆ ಸಾಕು. ಕ್ಯಾಮರಾ ಹಿಂದೆ ಮೂರು ನಾಲ್ಕು ಕಣ್ಣು ಕಾಣುವ ಫೋನುಗಳಲ್ಲಿ ಒಂದೆರಡು ಬರೀ ಅಲಂಕಾರಕ್ಕೆ ಇರುತ್ತವೆ ಎಂದು ಅಂಗಡಿಯವರೇ ನಗುತ್ತ ಒಪ್ಪಿದರು.

5ಜಿ ಬಗ್ಗೆ ಬಹಳ ಒತ್ತಾಯ ಮಾಡುತ್ತಾರೆ. ಕಡಿಮೆ ಬೆಲೆಯಲ್ಲಿ 5ಜಿ ಕೊಡಬೇಕಾದರೆ ಬೇರೆ ಎಲ್ಲೋ ಕಡಿಮೆ ಮಾಡಿರುತ್ತಾರೆ, ರ‍್ಯಾಮ್ ಇಲ್ಲವೆ ಪರದೆ. ನಮ್ಮ ಹೊಲದಲ್ಲಿ 4ಜಿ ಸರಿಯಾಗಿ ಹಿಡಿದರೆ ಅದೇ ಹಬ್ಬ. ನಾವು 4ಜಿ ಫೋನೇ ತೆಗೆದುಕೊಂಡೆವು. ನಿಮ್ಮೂರಲ್ಲಿ 5ಜಿ ಗೋಪುರ ಹತ್ತಿರ ಇದ್ದರೆ ನಿಮ್ಮ ಲೆಕ್ಕ ಬೇರೆ.

ಬಿಸಿಲಿಗೆ ತನ್ನಿ

ಅಂಗಡಿಯೊಳಗೆ ಎಲ್ಲ ಪರದೆಯೂ ಹೊಳೆಯುತ್ತದೆ. ನಾವು ಹೋದ ಕಡೆಯಲ್ಲೆಲ್ಲ ಮಧ್ಯಾಹ್ನ ಹನ್ನೆರಡರ ಮೇಲೆ ಹೋಗಿ, ಫೋನನ್ನು ರಸ್ತೆಗೆ ತಂದು ಬಿಸಿಲಲ್ಲಿ ಕನ್ನಡ ಓದಿ ನೋಡಿದೆವು. ಇಳಕಲ್ಲಿನ ಒಂದು ಅಂಗಡಿಯಲ್ಲಿ ಹೊರಗೆ ಒಯ್ಯಲು ಬಿಡಲಿಲ್ಲ, ಅಲ್ಲಿ ಕೊಳ್ಳಲಿಲ್ಲ. ಬಿಟ್ಟ ಕಡೆ ನೋಡಿದಾಗ ಐದರಲ್ಲಿ ಎರಡು ಫೋನು ಪೂರಾ ಕನ್ನಡಿ ಆದವು, ನನ್ನ ಮುಖವೇ ಕಂಡಿತು. ಸಮೀಕ್ಷೆ ಮಾಡುವುದು ಬಿಸಿಲಲ್ಲಿ. ಬೆಳಕು ಪೂರಾ ಏರಿಸಿದಾಗ ಅಕ್ಷರ ಕಾಣದಿದ್ದರೆ ಉಳಿದ ಗುಣ ಏನು ಮಾಡುವುದು?

ಇಲ್ಲಿಯೇ ಇನ್ನೊಂದು ಪರೀಕ್ಷೆ. ನಾವು ಐವತ್ತು ದಾಟಿದವರು ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತೇವೆ. ಅಕ್ಷರ ದೊಡ್ಡದು ಮಾಡಿದಾಗ ಕೆಲವು ಆಪ್‌ಗಳಲ್ಲಿ "ಮುಂದೆ" ಎಂಬ ಗುಂಡಿ ಪರದೆಯ ಕೆಳಗೆ ಹೋಗಿ ಕಾಣದಂತಾಗುತ್ತದೆ. ಕನ್ನಡದ ಶಬ್ದ ಉದ್ದ, ಒತ್ತಕ್ಷರ ಕೆಳಗೆ ಇಳಿಯುತ್ತದೆ; ಇಂಗ್ಲಿಷಿಗೆ ಅಳೆದ ಗುಂಡಿಯಲ್ಲಿ ಕೂಡುವುದಿಲ್ಲ. ತಮ್ಮನ ಮಗನ ಮಳೆ ಆಪ್‌ನಲ್ಲೂ "ಉಳಿಸಿ" ಹೋಗಿ "ಉಳಿ" ಆಗಿತ್ತು. ಪರೀಕ್ಷೆ ಮಾಡುವವರು ಫೋನನ್ನು ಕನ್ನಡಕ್ಕೆ ತಿರುಗಿಸಿ, ಅಕ್ಷರ ಎಲ್ಲಕ್ಕಿಂತ ದೊಡ್ಡದು ಮಾಡಿ, ಒಂದೊಂದೇ ಪುಟ ನೋಡಬೇಕು. ಐದು ನಿಮಿಷದ ಕೆಲಸ.

ಕೈಬೆರಳಿನದೂ ಒಂದು ಮಾತು. ಒಡೆದ ಬೆರಳು, ಅದಕ್ಕೆ ಎರೆ ಮಣ್ಣು ಹತ್ತಿದ್ದು, ಪರದೆ ಮೇಲೆ ದಪ್ಪ ಗಾಜು ಹಚ್ಚಿದ್ದು, ಮೂರೂ ಕೂಡಿದರೆ ಒತ್ತಿದ್ದು ಒಂದು, ಬಿದ್ದದ್ದು ಇನ್ನೊಂದು. ಅಂಗಡಿಯಲ್ಲಿ ನಮ್ಮೊಳಗೆ ಎಲ್ಲರಿಗಿಂತ ಒರಟು ಕೈಯವನಿಗೆ ಕೊಟ್ಟು ಬರೆಸಿದೆವು.

ಬ್ಯಾಟರಿ 5000 ಎಂಎಎಚ್ ಈಗ ಹಗುರ ಫೋನಿಗೂ ಬರುತ್ತದೆ, ಅದರ ಚಿಂತೆ ಕಡಿಮೆ. ಆದರೆ ಬಿಸಿಲಲ್ಲಿ ಕಾದ ಫೋನು ತಾನಾಗಿ ಬೆಳಕು ಇಳಿಸುತ್ತದೆ, ಕ್ಯಾಮರಾ ಮುಚ್ಚುತ್ತದೆ. ಅದಕ್ಕೆ ಔಷಧ ಎಂದರೆ ಟವಲ್ಲಿನ ನೆರಳು, ಬೇವಿನ ಮರದ ನೆರಳು.

ಜಿಪಿಎಸ್: ಮೂವತ್ಮೂರು ಅಡಿಯ ಕಥೆ

ಹೊಲದ ಆಪ್‌ಗೆ ಎಲ್ಲಕ್ಕಿಂತ ಮುಖ್ಯ ಜಾಗ ಹಿಡಿಯುವ ಗುಣ. ಇದನ್ನು ಡಬ್ಬಿಯ ಮೇಲೆ ಓದಿ ತಿಳಿಯಲಾಗದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಫೋನು ಆಕಾಶದ ಉಪಗ್ರಹಗಳ ಸಂಕೇತ ಕೇಳಿ ತಾನಿರುವ ಜಾಗ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಕಾಣಬೇಕು. ಬಯಲಿನಲ್ಲಿ ಸಾಧಾರಣ ಫೋನಿನ ತಪ್ಪು ಸುಮಾರು 5 ಮೀಟರ್ ಒಳಗೆ ಇರುತ್ತದೆ. 5 ಮೀಟರ್ ಅಂದರೆ ಹದಿನಾರು ಅಡಿ ಚಿಲ್ಲರೆ. ಈಗ ನಮ್ಮ ಹೊಲದ ಲೆಕ್ಕ ನೋಡಿ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಣ್ಣತಮ್ಮಂದಿರು ಹಂಚಿಕೊಂಡು ಉಳಿದ 20 ಗುಂಟೆಯ ಪಟ್ಟಿ ಬರೀ ಒಂದು ಗುಂಟೆ ಅಗಲ ಇದ್ದರೆ 660 ಅಡಿ ಉದ್ದ, 33 ಅಡಿ ಅಗಲ ಆಗುತ್ತದೆ. ಅದರ ನಟ್ಟನಡುವೆ ನಿಂತರೂ ಎರಡೂ ಕಡೆಯ ಬದುವಿಗೆ ಹದಿನಾರೂವರೆ ಅಡಿ ಮಾತ್ರ. ಬದುವಿನ ಮೇಲೆ ನಿಂತರೆ ಫೋನು ನಿಮ್ಮನ್ನು ಅಣ್ಣನ ಹೊಲದಲ್ಲಿ ನಿಲ್ಲಿಸುತ್ತದೆ. ಆದ್ದರಿಂದ ಸಣ್ಣ ಹಿಸ್ಸಾದವರು ಯಾವಾಗಲೂ ನಡುವೆ ನಿಲ್ಲಬೇಕು. ಫೋನನ್ನು ಎದೆಗೆ ಒತ್ತಿ ಹಿಡಿಯದೆ ಮುಂದೆ ಚಾಚಿ ಹಿಡಿದು ಎರಡು ಮೂರು ನಿಮಿಷ ಸುಮ್ಮನೆ ಇರಬೇಕು.

ಆ ಎರಡು ಮೂರು ನಿಮಿಷ ಯಾಕೆಂದರೆ, ಇಂಟರ್ನೆಟ್ ಇದ್ದರೆ ಫೋನು ಉಪಗ್ರಹಗಳು ಎಲ್ಲಿವೆ ಎಂಬ ಪಟ್ಟಿಯನ್ನು ಅದರಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಇಂಟರ್ನೆಟ್ ಇಲ್ಲದ ಹೊಲದಲ್ಲಿ ಅದನ್ನು ಉಪಗ್ರಹದಿಂದಲೇ ಕೇಳಿ ಬರೆದುಕೊಳ್ಳಬೇಕು. ಒಂದೊಂದು ಉಪಗ್ರಹದ್ದು ಕೇಳಲು ಅರ್ಧ ನಿಮಿಷ. ಎಲ್ಲ ಉಪಗ್ರಹಗಳ ಪೂರಾ ಪಟ್ಟಿ ಕೇಳಲು ಹನ್ನೆರಡೂವರೆ ನಿಮಿಷ. ಬಹಳ ದಿನ ಬಂದ್ ಇಟ್ಟ ಫೋನು ಹೊಲದಲ್ಲಿ ಜಾಗ ಹಿಡಿಯಲು ತಡ ಮಾಡಿದರೆ ಫೋನು ಕೆಟ್ಟಿದೆ ಎಂದಲ್ಲ. ಮನೆಯಿಂದ ಹೊರಡುವ ಮುಂಚೆ, ಸಿಗ್ನಲ್ ಇರುವಾಗ, ಅಂಗಳದಲ್ಲಿ ನಿಂತು ಮ್ಯಾಪ್ ಒಮ್ಮೆ ತೆರೆದು ಹೋದರೆ ಹೊಲದಲ್ಲಿ ಬೇಗ ಹಿಡಿಯುತ್ತದೆ. ಇದು ನಮಗೆ ಬಹಳ ಉಪಯೋಗ ಆದ ಉಪಾಯ.

ಬಾದಾಮಿಯ ಗುಡ್ಡದ ಬುಡದಲ್ಲಿ

ನಮ್ಮ ಎರೆ ಬಯಲಿನಲ್ಲಿ ಎಲ್ಲ ಫೋನೂ ಸರಿಯಾಗಿಯೇ ಜಾಗ ತೋರಿಸಿದವು. ನಮ್ಮ ಬೀಗರ ಮಸಾರಿ ಹೊಲ ಬಾದಾಮಿ ಕಡೆ, ಕೆಂಪು ಗುಡ್ಡದ ಬುಡಕ್ಕೆ ಹತ್ತಿ ಇದೆ. ಅಲ್ಲಿ ಹೋದಾಗ ನಿಜ ಗೊತ್ತಾಯಿತು. ಅರ್ಧ ಆಕಾಶಕ್ಕೆ ಗುಡ್ಡ ಅಡ್ಡ. ಜತೆಗೆ ಸಂಕೇತ ಬಂಡೆಗೆ ಬಡಿದು ತಿರುಗಿ ಬರುತ್ತದೆ. ಅಗಸ್ತ್ಯ ತೀರ್ಥದ ದಂಡೆಯಲ್ಲಿ ನಿಂತು ಕೂಗಿದರೆ ಬಂಡೆಯಿಂದ ಧ್ವನಿ ತಿರುಗಿ ಬರುತ್ತದಲ್ಲ, ಹಾಗೆ. ಕೇಳಿದವನಿಗೆ ಕೂಗಿದವನು ಎಲ್ಲಿದ್ದಾನೆ ಎಂದು ಭ್ರಮೆ ಆಗುತ್ತದೆ. ಫೋನಿಗೂ ಅದೇ ಭ್ರಮೆ. ಹಳೆಯ 2 ಜಿಬಿ ಫೋನು ನಮ್ಮನ್ನು ಹಾರಿಸಿ ಒಮ್ಮೆ ಗುಡ್ಡದ ಮೇಲೆ, ಒಮ್ಮೆ ಪಕ್ಕದ ಸರ್ವೆ ನಂಬರಿನಲ್ಲಿ ನಿಲ್ಲಿಸಿತು. ಹೊಸ ಫೋನು ಹೆಚ್ಚು ಬಗೆಯ ಉಪಗ್ರಹ ಕೇಳುತ್ತದೆ: ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ. ಅದು ಅಷ್ಟು ಹಾರಲಿಲ್ಲ, ಆದರೂ ಬುಡದಲ್ಲಿ ತಡವರಿಸಿತು. ಗುಡ್ಡದಿಂದ ನೂರು ಹೆಜ್ಜೆ ಈಚೆ ಬಂದು, ಅದೇ ಹೊಲದ ಇನ್ನೊಂದು ತುದಿಯಲ್ಲಿ ನಿಂತಾಗ ಸರಿ ತೋರಿಸಿತು. ನಮ್ಮ ದೇಶದ್ದೇ ಆದ ನಾವಿಕ್ ಉಪಗ್ರಹ ಕೇಳುವ ಫೋನುಗಳೂ ಇವೆ. ನಮ್ಮ ಬೆಲೆಯಲ್ಲಿ ನಾವು ನೋಡಿದ ಫೋನುಗಳಲ್ಲಿ ಅದು ಇರಲಿಲ್ಲ.

ಕೊಳ್ಳುವ ಮುಂಚೆ ನಿಮ್ಮ ಪಕ್ಕದವರ ಕಡೆ ಅದೇ ಮಾಡೆಲ್ ಇದ್ದರೆ ಒಂದು ದಿನ ಕೇಳಿ ತಂದು ದಿಶಾಂಕ್ ಹಾಕಿ, ನಿಮ್ಮ ನಾಲ್ಕೂ ಬದುವಿನ ಮೂಲೆಯಲ್ಲಿ ನಿಂತು ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. (ಬಾದಾಮಿಯಲ್ಲಿ ಗುಹೆಗಳ ಹತ್ತಿರ ಫೋನ್ ಹೊರಗೆ ತೆಗೆಯುವಾಗ ಮಂಗ್ಯಾಗಳ ಮೇಲೆ ಒಂದು ಕಣ್ಣಿರಲಿ. ಅವಕ್ಕೆ ಬೆಲೆ ಗೊತ್ತಿಲ್ಲ.)

ಸಿಗ್ನಲ್ ಇಲ್ಲದಾಗ

ಒಳ್ಳೆಯ ಹೊಲದ ಆಪ್ ಎಂದರೆ ಇಂಟರ್ನೆಟ್ ಇಲ್ಲದಾಗ ಬರೆದಿಟ್ಟುಕೊಂಡು, ಸಿಕ್ಕಾಗ ಕಳಿಸುವಂಥದ್ದು. ಪರೀಕ್ಷೆ ಸುಲಭ. ಮನೆಯಲ್ಲಿ ವಿಮಾನದ ಚಿತ್ರ ಒತ್ತಿ ಸಂಪರ್ಕ ಕಡಿಯಬೇಕು, ಬೆಳೆ ಬರೆದು ಫೋಟೊ ತೆಗೆದು ಉಳಿಸಬೇಕು, ಫೋನು ಬಂದ್ ಮಾಡಿ ಚಾಲೂ ಮಾಡಬೇಕು, ಆಮೇಲೆ ಸಂಪರ್ಕ ಕೊಟ್ಟು ಹೋಯಿತೋ ಇಲ್ಲವೋ ನೋಡಬೇಕು. ಮಳೆ ಆಪ್ ಮೊದಲ ಸಲ ಇದರಲ್ಲೂ ಸೋತಿತ್ತು.

ಕೆಲವು ಹಗುರ ಫೋನುಗಳು ಬ್ಯಾಟರಿ ಉಳಿಸಲು, ಪರದೆ ಆರಿದ ಕೂಡಲೆ ಹಿಂದೆ ನಡೆಯುವ ಆಪ್‌ಗಳನ್ನು ಕೊಂದುಬಿಡುತ್ತವೆ. ಕಿಸೆಯಲ್ಲಿ ಇಟ್ಟು ಊರಿಗೆ ಬಂದರೂ ಫೋಟೊ ಕಳಿಸಿರುವುದಿಲ್ಲ. ಸೆಟ್ಟಿಂಗ್ಸಿನಲ್ಲಿ ಆ ಆಪ್‌ನ ಬ್ಯಾಟರಿ ಎಂಬಲ್ಲಿ ಹೋಗಿ ಅನ್‌ರಿಸ್ಟ್ರಿಕ್ಟೆಡ್ ಮಾಡಿದರೆ ತಡೆ ಹೋಗುತ್ತದೆ. ಅದಕ್ಕೂ ಮೇಲೆ, ಊರಿಗೆ ಬಂದು ಆಪ್ ತೆರೆದು ಕಳಿಸಿದ ಗುರುತು ಕಣ್ಣಾರೆ ನೋಡುವುದೇ ಖಾತ್ರಿ.

ಹಳೆಯ ಫೋನು ಕೊಳ್ಳುವುದಾದರೆ

ಪರೀಕ್ಷೆಗೆ ಹಳೆಯದು ಸಾಕಾಗುತ್ತದೆ. ಆದರೆ ಕಳವಿನ ಮಾಲು ಬರಬಾರದು. ಫೋನಿನಲ್ಲಿ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ 15 ಅಂಕಿಯ ಐಎಂಇಐ ನಂಬರು ಬರುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ 15 ಅಂಕಿ ಬರೆದು 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಅದು ಯಾವ ಕಂಪನಿಯ ಯಾವ ಫೋನು, ನಿರ್ಬಂಧ ಇದೆಯೋ ಎಂದು ತಿಳಿಯುತ್ತದೆ. ಕಳೆದ ಫೋನನ್ನು ಬಂದ್ ಮಾಡಿಸುವ ವ್ಯವಸ್ಥೆ ದೇಶಕ್ಕೆಲ್ಲ 2023ರ ಮೇ ತಿಂಗಳಲ್ಲಿ ಬಂತು; ಹಾಗೆ ಬಂದ್ ಮಾಡಿಸಿದ ಫೋನು ಕೊಂಡರೆ ಕಲ್ಲು ಕೊಂಡಂತೆ. ಹಿಂದಿನ ಯಜಮಾನನ ಗೂಗಲ್ ಖಾತೆ ಅವನ ಕೈಯಿಂದಲೇ ತೆಗೆಸಿ ತರಬೇಕು. ಇಲ್ಲದಿದ್ದರೆ ಫೋನು ಅಳಿಸಿ ಚಾಲೂ ಮಾಡಿದಾಗ ಅವನದೇ ಪಾಸ್‌ವರ್ಡ್ ಕೇಳುತ್ತ ಕೂಡುತ್ತದೆ. ಆಂಡ್ರಾಯ್ಡ್ ಎಷ್ಟನೆಯದು ಎಂದೂ ನೋಡಿ. ಬಹಳ ಹಳೆಯದಾದರೆ ಹೊಸ ಆಪ್‌ಗಳು ಅದರಲ್ಲಿ ಇಳಿಯುವುದೇ ಇಲ್ಲ. ಮುಖ ತೋರಿಸಿ ಮಾಡುವ ಇ-ಕೆವೈಸಿ ನಮ್ಮ ಹಳೆಯ ಫೋನಿನಲ್ಲಿ ಆಗಲಿಲ್ಲ, ಹೊಸದರಲ್ಲಿ ಆಯಿತು.

ಹೊಸ ಫೋನಿಗೆ ಪಕ್ಕಾ ಬಿಲ್ಲು ಕೇಳಿ. ಮೊಬೈಲಿಗೆ 2020ರ ಏಪ್ರಿಲ್‌ನಿಂದ 18 ಶೇಕಡಾ ಜಿಎಸ್‌ಟಿ ಇದೆ. ಬಿಲ್ಲು ಇಲ್ಲದೆ ಇನ್ನೂರು ಕಡಿಮೆ ಕೊಡುತ್ತೇನೆ ಎಂದರೆ ಗ್ಯಾರಂಟಿ ಹೋಯಿತು ಎಂದೇ ತಿಳಿಯಿರಿ. ನಾವು ಬಾಗಲಕೋಟೆಯಲ್ಲಿ 4 ಜಿಬಿ, 64 ಜಿಬಿಯ 4ಜಿ ಫೋನನ್ನು 8,199ಕ್ಕೆ ಕೊಂಡೆವು. ಉಳಿದದ್ದು ಕವರು, ಗಾಜಿಗೆ ಹೋಯಿತು.

ಪರೀಕ್ಷೆ ಫೋನಿನಲ್ಲಿ ಬ್ಯಾಂಕು ಬೇಡ

ಇದು ನಮ್ಮ ಗುಂಪಿನಲ್ಲಿ ಜಗಳ ಆಡಿ ಮಾಡಿದ ನೇಮ. ಪರೀಕ್ಷೆ ಫೋನಿನಲ್ಲಿ ಯಾರ ಬ್ಯಾಂಕಿನ ಆಪ್, ಫೋನ್‌ಪೇ, ಗೂಗಲ್‌ಪೇ ಹಾಕುವಂತಿಲ್ಲ. ಬೇರೆ ಸಿಮ್ಮು, ಬೇರೆ ಗೂಗಲ್ ಖಾತೆ. ಪಿಎಂ ಕಿಸಾನ್, ಸಬ್ಸಿಡಿ ಹೆಸರು ಹೇಳಿ ವಾಟ್ಸಾಪಿನಲ್ಲಿ ಎಪಿಕೆ ಎಂಬ ಕಡತ ಕಳಿಸುವ ಕಳ್ಳರು ಬಹಳ ಆಗ್ಯಾರ. ಒತ್ತಿದರೆ ಅದು ಫೋನಿಗೆ ಬರುವ ಓಟಿಪಿಯನ್ನು ಓದಿ ಖಾತೆ ಬಳಿಯುತ್ತದೆ. ಪ್ಲೇ ಸ್ಟೋರಿನಿಂದ ಬಿಟ್ಟು ಬೇರೆ ಕಡೆಯಿಂದ ಬಂದ ಆಪ್‌ನ್ನು ಪರೀಕ್ಷೆಗೂ ಹಾಕುವುದಿಲ್ಲ. ತಮ್ಮನ ಮಗ ತಾನೇ ತಂದು ಹಾಕುವ ಮಳೆ ಆಪ್ ಒಂದೇ ಅಪವಾದ. ಯಾರಿಗಾದರೂ ರೊಕ್ಕ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು.

ಗುಂಡಿ ಫೋನಿನ ಮೂರು ಮನೆಯವರನ್ನು ಬಿಡುವಂತಿಲ್ಲ. ಅವರ ಸಮೀಕ್ಷೆಯನ್ನು ಅವರ ಹೊಲದಲ್ಲಿಯೇ ಅವರನ್ನು ನಿಲ್ಲಿಸಿಕೊಂಡು ಗುಂಪಿನ ಫೋನಿನಿಂದ ಮಾಡಿಸಿದೆವು. ಓಟಿಪಿ ಅವರ ನಂಬರಿಗೆ ಹೋಗುತ್ತದೆ, ಆದ್ದರಿಂದ ಅವರು ಗುಂಡಿ ಫೋನು ಕಿಸೆಯಲ್ಲಿ ತರಲೇಬೇಕು. ಒಬ್ಬರದು ಬೆಂಗಳೂರಲ್ಲಿರುವ ಮಗನ ನಂಬರಿಗೆ ಜೋಡಣೆ ಆಗಿತ್ತು. ಅವನು ಕೆಲಸದಲ್ಲಿ, ಫೋನ್ ಎತ್ತಲಿಲ್ಲ. ಅರ್ಧ ದಿನ ಬದುವಿನ ಮೇಲೆ ಕೂತೆವು. ನಂಬರು ಬದಲಿಸಿಕೊಳ್ಳಲು ಈಗ ಹೇಳಿದ್ದೇವೆ. ಬೆಳೆಯ ರೋಗ-ಕೀಟದ ಸಲಹೆಗಾದರೆ ಅವರಿಗೆ ಆಪ್ ಬೇಕಾಗಿಲ್ಲ: ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಯಾವ ಫೋನಿನಿಂದಲೂ ಪುಕ್ಕಟೆ ಮಾತಾಡಬಹುದು, ಮುಂಜಾನೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲಿ.

ಮಳೆ ಆಪ್ ಈಗ ಬರೆದ ಅಂಕಿಯನ್ನು ಬರೆದ ಕ್ಷಣವೇ ಉಳಿಸಿಕೊಳ್ಳುತ್ತದೆ. ಕ್ಯಾಮರಾ ತೆರೆದಾಗ ಫೋನು ಅದನ್ನು ಮುಚ್ಚಿದರೂ ವಾಪಸು ಬಂದರೆ ಅಂಕಿ ಅಲ್ಲೇ ಇರುತ್ತದೆ. ಫೋಟೊ ಬೇಡವಾದರೆ ಬಿಡಬಹುದು ಎಂದೂ ಮಾಡಿದ್ದಾನೆ. ನಮ್ಮ ಓಣಿಯ ಆ ಹಿರಿಯಳು ಹಳೆಯ ಫೋನಿನಲ್ಲಿಯೇ ಉತ್ತರಿ ಮಳೆ 22 ಮಿ.ಮೀ. ಎಂದು ಬರೆದು ಕಳಿಸಿದಳು. ಸಮೀಕ್ಷೆ ಮುಗಿದ ಮೇಲೆ ಯಾವ ಆಪ್ ಯಾವ ಫೋನಿನಲ್ಲಿ ಎಲ್ಲಿ ತಡವರಿಸಿತು ಎಂದು ಒಂದು ಹಾಳೆಯಲ್ಲಿ ಬರೆದು ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು ಬಂದೆವು. ಫೋನಿನ ರ‍್ಯಾಮ್, ಆಂಡ್ರಾಯ್ಡ್, ಹೊಲದ ಜಾಗ, ಹೊತ್ತು ಎಲ್ಲ ಬರೆದದ್ದರಿಂದ ಅಲ್ಲಿಯವರು ಹಾಳೆಯನ್ನು ಆಸಕ್ತಿಯಿಂದ ಓದಿದರು.

ಫೋನು ಈಗ ತಿಂಗಳಿಗೆ ಒಬ್ಬರ ಮನೆಯಲ್ಲಿ ಇರುತ್ತದೆ. ಚಾರ್ಜು, ರಿಚಾರ್ಜು ಆ ತಿಂಗಳ ಮನೆಯವರದು. ಹಳೆಯ ಫೋನಿನ ಚಾರ್ಜಿನ ಕಿಂಡಿಯಲ್ಲಿ ಎರೆ ಮಣ್ಣು ಗಟ್ಟಿಯಾಗಿ ಕೂತಿತ್ತು, ಫೋನು ಬಂದ್ ಮಾಡಿ ಕಟ್ಟಿಗೆಯ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆದ ಮೇಲೆ ಚಾರ್ಜು ಹತ್ತಿತು. ಸೂಜಿ, ಪಿನ್ನು ಹಾಕಬ್ಯಾಡ್ರಿ.